ಹೆಬೊನ್ ಮತ್ತು ಹೆಪ್ಪುಬಾನ್: ಜಪಾನೀ ಬರಹದಲ್ಲಿ ಪರಭಾಷೆಯ ಹೆಸರುಗಳು

ಜೇಮ್ಸ್ ಕರ್ಟಿಸ್ ಹೆಪ್ಬರ್ನ್ ಎಂಬ ಅಮೆರಿಕದ ವೈದ್ಯರು 1859ರಲ್ಲಿ ಮಿಷನರಿಯಾಗಿ ಜಪಾನಿಗೆ ಬಂದರು. 1867ರಲ್ಲಿ ಅವರು ಜಪಾನೀ-ಇಂಗ್ಲಿಷ್ ನಿಘಂಟೊಂದನ್ನು ಪ್ರಕಟಿಸಿದರು. ಅದರ ಮೂರನೆಯ ಆವೃತ್ತಿಯಲ್ಲಿ (1886) ಬಳಸಿದ ರೋಮನ್ ಅಕ್ಷರಗಳ ಕ್ರಮವೇ ಇಂದಿಗೂ ಜಪಾನಿನ ರೈಲು ನಿಲ್ದಾಣಗಳ ಫಲಕಗಳಲ್ಲಿ, ಪಾಸ್‌ಪೋರ್ಟುಗಳಲ್ಲಿ ಕಾಣುವುದು. ಅಲ್ಲಿ ಅದಕ್ಕೆ 'ಹೆಬೊನ್ ಕ್ರಮ' ಎಂದು ಹೆಸರು. ಹೆಬೊನ್ ಎಂದರೆ ಹೆಪ್ಬರ್ನ್ ಅವರೇ!

ಇನ್ನು 1953ರ 'ರೋಮನ್ ಹಾಲಿಡೇ' ಚಿತ್ರದ ನಟಿ ಆಡ್ರೆ ಹೆಪ್ಬರ್ನ್ ಅವರನ್ನು ತೆಗೆದುಕೊಳ್ಳಿ. ಜಪಾನೀ ಭಾಷೆಯಲ್ಲಿ ಅವರು ಹೆಬೊನ್ ಅಲ್ಲ, 'ಹೆಪ್ಪುಬಾನ್'. ಇಂಗ್ಲಿಷಿನಲ್ಲಿ ಒಂದೇ ಕುಲನಾಮ, ಜಪಾನೀ ಬರಹದಲ್ಲಿ ಎರಡು. ಮೊದಲನೆಯದು ವೈದ್ಯರ ಬಾಯಿಂದ ಕೇಳಿದವರು ಬರೆದದ್ದು. ಎರಡನೆಯದು ಕಾಗದದ ಮೇಲಿನ ಕಾಗುಣಿತವನ್ನು ನೋಡಿದವರು ಬರೆದದ್ದು. ಕಿವಿಯ ದಾರಿ, ಕಣ್ಣಿನ ದಾರಿ ಎಂಬ ಈ ಎರಡು ದಾರಿಗಳಲ್ಲಿ ಸಾವಿರಾರು ಪದಗಳು ಆ ಭಾಷೆಯನ್ನು ಹೊಕ್ಕಿವೆ. ಯಾವ ದಾರಿಯಲ್ಲಿ ಬಂದರೂ ಪದವು ಮೂಲದ ಉಚ್ಚಾರಣೆಯನ್ನು ಹೊಸಿಲಾಚೆಯೇ ಬಿಟ್ಟು ಬರಬೇಕು. ಇದರಿಂದ ಆಗುವ ಅನುಕೂಲವೇನು, ಆಗಿರುವ ತೊಂದರೆಯೇನು ಎಂಬುದನ್ನು ನೋಡೋಣ.

ಮೂರು ಲಿಪಿಗಳ ಭಾಷೆ

ಜಪಾನೀ ಭಾಷೆಯ ಒಂದೇ ವಾಕ್ಯದಲ್ಲಿ ಮೂರು ಬಗೆಯ ಬರಹ ಬೆರೆತಿರುತ್ತದೆ. ಚೀನಾದಿಂದ ಬಂದ 'ಕಂಜಿ' ಚಿಹ್ನೆಗಳು ಅರ್ಥವನ್ನು ಹೊತ್ತವು. 'ಹಿರಗನ' ಎಂಬ ಬಳುಕು ಅಕ್ಷರಗಳು ವಿಭಕ್ತಿ, ಕ್ರಿಯಾಪದಗಳ ಕೊನೆ ಮುಂತಾದ ವ್ಯಾಕರಣದ ಭಾಗಗಳಿಗೆ. ಮೂರನೆಯದು ನೇರ ಗೆರೆಗಳ, ಚೂಪು ಮೂಲೆಗಳ 'ಕತಕನ'. ಪರಭಾಷೆಯ ಪದಗಳಿಗೆ ಇದು ಮೀಸಲು. ಪುಟದ ಮೇಲೆ ಕಣ್ಣು ಹಾಯಿಸಿದರೆ ಸಾಕು, ಓದುವ ಮೊದಲೇ ಯಾವ ಪದ ಹೊರಗಿನದು ಎಂದು ಗೊತ್ತಾಗುತ್ತದೆ.

ಕತಕನ ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ಬೌದ್ಧ ಮಠಗಳಲ್ಲಿ. ಚೀನೀ ಗ್ರಂಥಗಳನ್ನು ಪಾಠ ಮಾಡುತ್ತಿದ್ದ ಭಿಕ್ಷುಗಳು ಸಾಲುಗಳ ನಡುವೆ ಉಚ್ಚಾರಣೆಯನ್ನು ಗುರುತು ಹಾಕಿಕೊಳ್ಳಬೇಕಿತ್ತು. ಇಡೀ ಕಂಜಿ ಬರೆಯಲು ಜಾಗವೂ ಇಲ್ಲ, ಸಮಯವೂ ಇಲ್ಲ. ಹಾಗಾಗಿ ಅದರ ಒಂದು ತುಂಡನ್ನು ಮಾತ್ರ ಬರೆದರು. 'ಎರಡು' ಎಂಬ ಅಂಕಿಯ ಎರಡು ಅಡ್ಡಗೆರೆಗಳೇ 'ನಿ' ಆಯಿತು. 'ಮೂರು' ಎಂಬುದರ ಮೂರು ಗೆರೆಗಳು ಸ್ವಲ್ಪ ವಾಲಿ 'ಮಿ' ಆಯಿತು. ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 46. ಜೊತೆಗೆ ಅಕ್ಷರದ ತಲೆಯ ಬಳಿ ಎರಡು ಚಿಕ್ಕ ಗೀರು ಎಳೆದರೆ 'ಕ'ವು 'ಗ' ಆಗುತ್ತದೆ, 'ತ'ವು 'ದ' ಆಗುತ್ತದೆ, 'ಹ'ವು 'ಬ' ಆಗುತ್ತದೆ. 'ಹ'ದ ಮೇಲೆ ಗೀರಿನ ಬದಲು ಸಣ್ಣ ಸೊನ್ನೆ ಇಟ್ಟರೆ 'ಪ'.

ಈ ಅಕ್ಷರಮಾಲೆಯ ಕ್ರಮ ನಮಗೆ ಹೊಸದೇನಲ್ಲ. ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ಕ, ಚ, ತ, ನ, ಪ, ಮ, ಯ, ರ, ವ ಜೊತೆಗಿಟ್ಟು ನೋಡಿ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ 'ಸಿದ್ಧಂ' ಲಿಪಿಯನ್ನು ಕಲಿಯುತ್ತಿದ್ದರು. ಆ ಅಧ್ಯಯನದ ಪ್ರಭಾವವಿದು. 'ಚ' ಇರಬೇಕಾದಲ್ಲಿ 'ಸ', 'ಪ' ಇರಬೇಕಾದಲ್ಲಿ 'ಹ' ಏಕಿದೆ? ಆ ಕಾಲದ ಜಪಾನೀ ಭಾಷೆಯಲ್ಲಿ ಇವುಗಳ ಉಚ್ಚಾರಣೆ ಬೇರೆಯಾಗಿತ್ತು. ಇಂದಿನ 'ಹ' ಒಂದು ಕಾಲಕ್ಕೆ 'ಪ' ಆಗಿತ್ತು. ಹಳಗನ್ನಡದ 'ಪಾಲು' ಹೊಸಗನ್ನಡದಲ್ಲಿ 'ಹಾಲು' ಆದದ್ದನ್ನು ಕಲಿಸಿರುವ ಅಧ್ಯಾಪಕರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮಾತ್ರೆಯ ಲೆಕ್ಕ

ಕತಕನದ ಒಂದೊಂದು ಅಕ್ಷರಕ್ಕೂ ಒಂದೊಂದು ಮಾತ್ರೆಯ ಕಾಲ. ಛಂದಸ್ಸಿನಲ್ಲಿ ನಾವು ಎಣಿಸುವ ಅದೇ ಮಾತ್ರೆ. ದೀರ್ಘವಾದರೆ ಅಕ್ಷರದ ಮುಂದೆ ಒಂದು ಅಡ್ಡಗೆರೆ. ಅದಕ್ಕೂ ಒಂದು ಮಾತ್ರೆ. ಪದದ ನಡುವಿನ ಅಥವಾ ಕೊನೆಯ 'ನ್' ಧ್ವನಿಗೆ ಪ್ರತ್ಯೇಕ ಅಕ್ಷರವಿದೆ, ಅದಕ್ಕೂ ಒಂದು. 'ಕಪ್ಪು' ಎಂಬಂಥ ಪದದ ಒತ್ತಿಗೆ ಚಿಕ್ಕ ಗಾತ್ರದ ಗುರುತೊಂದನ್ನು ಹಾಕುತ್ತಾರೆ, ಅದಕ್ಕೂ ಒಂದು.

'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳೋಣ. ನಮ್ಮ ಲೆಕ್ಕದಲ್ಲಿ ಗುರು, ಲಘು, ಲಘು: ನಾಲ್ಕು ಮಾತ್ರೆ. ಜಪಾನೀಯರು ಬರೆಯುವುದು ಕ-ನ್-ನ-ದ: ನಾಲ್ಕು. 'ಕರ್ನಾಟಕ' ನಮಗೆ ಆರು ಮಾತ್ರೆ; ಅವರ ಕ-ರು-ನ-(ದೀರ್ಘ)-ತ-ಕ ಕೂಡ ಆರು. 'ಬೆಂಗಳೂರು' ಆರು; ಬೆ-ನ್-ಗ-ರು-(ದೀರ್ಘ)-ರು ಆರು. ಇದು ಯಾವಾಗಲೂ ಹೀಗೇ ಹೊಂದುವುದಿಲ್ಲ. 'ಕೃಷ್ಣ' ನಮಗೆ ಮೂರು ಮಾತ್ರೆಯಾದರೆ ಅವರಿಗೆ ಕು-ರಿ-ಶು-ನ ಎಂದು ನಾಲ್ಕಾಗುತ್ತದೆ. ಕಾರಣ ಸರಳ. ಜಪಾನೀ ಭಾಷೆಯಲ್ಲಿ ವ್ಯಂಜನದ ಬೆನ್ನಿಗೆ ಸ್ವರ ಇರಲೇಬೇಕು. ಒಂಟಿ ವ್ಯಂಜನ ಬಂದರೆ ಅದಕ್ಕೊಂದು ಸ್ವರವನ್ನು ಅಂಟಿಸುತ್ತಾರೆ: ಸಾಮಾನ್ಯವಾಗಿ 'ಉ', ಟ-ಡಗಳ ಮುಂದೆ 'ಒ', ಚ-ಜಗಳ ಮುಂದೆ 'ಇ'. ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಮುಗಿಯುವ 'ಸ್ಟ್ರೈಕ್' ಸು-ತೊ-ರ-ಇ-ಕು ಎಂದು ಐದು ಮಾತ್ರೆಗೆ ಹಿಗ್ಗುತ್ತದೆ. ನಾವು ನಗಬೇಕಿಲ್ಲ. ಬಸ್ ನಮ್ಮಲ್ಲಿ ಬಸ್ಸು, ಪೆನ್ ಪೆನ್ನು, ಸ್ಕೂಲ್ ಹಳ್ಳಿಯಲ್ಲಿ ಇಸ್ಕೂಲು ಆಗಿರುವುದೂ ಇದೇ ಒತ್ತಡದಿಂದಲೇ.

ಹಿಗ್ಗಿದ ಪದ ನಾಲಿಗೆಗೆ ಭಾರ. ಹಾಗಾಗಿ ಜಪಾನೀಯರು ಅದನ್ನು ಕತ್ತರಿಸುತ್ತಾರೆ. ಪರ್ಸನಲ್ ಕಂಪ್ಯೂಟರ್ 'ಪಸೊಕೊನ್' ಆಯಿತು, ರಿಮೋಟ್ ಕಂಟ್ರೋಲ್ 'ರಿಮೊಕೊನ್' ಆಯಿತು. ನಾಲ್ಕು ಮಾತ್ರೆ ಅವರಿಗೆ ಬಹಳ ಇಷ್ಟವಾದ ಅಳತೆ.

ಜರಡಿಯಲ್ಲಿ ಉಳಿಯುವುದು, ಸೋರುವುದು

ಸ್ವರ ಸೇರುವುದಕ್ಕಿಂತ ದೊಡ್ಡ ಸಂಗತಿ ಧ್ವನಿಗಳು ಬೆರೆತುಹೋಗುವುದು. ಜಪಾನೀ ಭಾಷೆಯಲ್ಲಿ ರ, ಲ ಎಂಬ ಭೇದವಿಲ್ಲ. ಎರಡಕ್ಕೂ ಒಂದೇ ಅಕ್ಷರ. ಮಹಾಪ್ರಾಣವಿಲ್ಲ. ಟ-ತ ಭೇದವಿಲ್ಲ; ನ-ಣ, ಲ-ಳ ಭೇದವಂತೂ ದೂರದ ಮಾತು. ಕಾಳಿ, ಕಾಲಿ, ಕಾರಿ ಮೂರೂ ಅಲ್ಲಿ ಒಂದೇ. ಇಂಗ್ಲಿಷಿನ 'ಬಲ' ಎಂಬರ್ಥದ ರೈಟ್, 'ಬೆಳಕು' ಎಂಬರ್ಥದ ಲೈಟ್ ಎರಡೂ 'ರಇತೊ'. ಬಸ್ಸು, ಸ್ನಾನದ ಬಾತ್, ಸಂಗೀತದ ಬೇಸ್ ಮೂರೂ 'ಬಸು'. ದತ್ತಾಂಶವನ್ನು ದೂರದ ಕಂಪ್ಯೂಟರಿನಲ್ಲಿಡುವ ಕ್ಲೌಡ್, ಜನರಿಂದ ಹಣ ಕೂಡಿಸುವ ಕ್ರೌಡ್‌ಫಂಡಿಂಗಿನ ಕ್ರೌಡ್ ಎರಡೂ 'ಕುರಉದೊ'. ಮೋಡವೋ ಜನಜಂಗುಳಿಯೋ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು.

ಅಂದರೆ, ಕತಕನ ಎಂಬುದು ಪರಭಾಷೆಯ ಧ್ವನಿಯನ್ನು ದಾಖಲಿಸುವ ಸಾಧನವಲ್ಲ. ಅದನ್ನು ಜಪಾನೀ ಧ್ವನಿಯಾಗಿ ಪರಿವರ್ತಿಸುವ ಸಾಧನ. ಒಮ್ಮೆ ಪರಿವರ್ತನೆಯಾದ ಮೇಲೆ ಹಿಂದಕ್ಕೆ ಹೋಗಲು ದಾರಿಯಿಲ್ಲ. 'ರಇತೊ' ಎಂಬುದನ್ನಷ್ಟೇ ಕೊಟ್ಟರೆ ಮೂಲ ಯಾವುದೆಂದು ಯಾರೂ ಹೇಳಲಾರರು.

ಬಂದ ಕಾಲ, ತಂದ ದೇಶ

ಮೊದಲು ಬಂದ ಹೊರಗಿನ ಪದಗಳಿಗೆ ಕತಕನದ ಭಾಗ್ಯವಿರಲಿಲ್ಲ. ಬೌದ್ಧಧರ್ಮದೊಂದಿಗೆ ಚೀನಾ ಮಾರ್ಗವಾಗಿ ಬಂದ ಸಂಸ್ಕೃತ ಪದಗಳನ್ನು ಉಚ್ಚಾರಣೆ ಹೊಂದುವ ಕಂಜಿಗಳಲ್ಲಿ ಬರೆದರು. 'ಕ್ಷಣ'ವು 'ಸೆತ್ಸುನ' ಆಯಿತು, 'ನರಕ'ವು 'ನರಕು', 'ಸ್ತೂಪ'ವು 'ಸೊತೊಬ'. ಇವು ಪರಭಾಷೆಯವೆಂದು ಇಂದು ಯಾರಿಗೂ ಅನ್ನಿಸುವುದಿಲ್ಲ.

1543ರಲ್ಲಿ ತನೆಗಶಿಮಾ ದ್ವೀಪಕ್ಕೆ ಪೋರ್ಚುಗೀಸರು ಬಂದರು. ಅವರಿಂದ ರೊಟ್ಟಿಗೆ 'ಪನ್', ಹೊಗೆಸೊಪ್ಪಿಗೆ 'ತಬಕೊ', ನಮ್ಮ ಸಾಬೂನಿನ ಬಂಧುವಾದ 'ಶಬೊನ್' ಬಂದವು. 1641ರಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಐರೋಪ್ಯರಲ್ಲಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿಯ ದೆಜಿಮಾ ಎಂಬ ಕೃತಕ ದ್ವೀಪದಲ್ಲಿ, ವ್ಯಾಪಾರದ ಅವಕಾಶವಿತ್ತು. ಆಮೇಲೆ ಇಂಗ್ಲಿಷ್ ಬಂತು. ಒಂದೇ ಪದ ಎರಡು ಭಾಷೆಗಳಿಂದ ಬಂದಾಗ ಜಪಾನೀಯರು ಒಂದನ್ನು ಬಿಸಾಡಲಿಲ್ಲ, ಕೆಲಸ ಹಂಚಿಕೊಟ್ಟರು. ಡಚ್ಚಿನಿಂದ ಬಂದ 'ಗರಸು' ಕಿಟಕಿಯ ಗಾಜು. ಇಂಗ್ಲಿಷಿನಿಂದ ಬಂದ 'ಗುರಸು' ಪಾನೀಯದ ಗಾಜಿನ ಲೋಟ. ಡಚ್ 'ಕೊಪ್ಪು' ನೀರು ಕುಡಿಯುವ ಲೋಟ. ಇಂಗ್ಲಿಷ್ 'ಕಪ್ಪು' ಹಿಡಿಯಿರುವ ಬಟ್ಟಲು, ಪಂದ್ಯದಲ್ಲಿ ಗೆದ್ದ ಕಪ್. ಡಚ್ 'ಬೀರು' ಕುಡಿಯುವ ಬಿಯರ್ (ನಮ್ಮ ಮನೆಯ ಬಟ್ಟೆ ಇಡುವ ಬೀರು ಅಲ್ಲ).

ಕಿವಿ-ಕಣ್ಣುಗಳ ದಾರಿಯೂ ಹೀಗೇ ಜೋಡಿಗಳನ್ನು ಹುಟ್ಟಿಸಿತು. ಮಷಿನ್ ಎಂಬುದನ್ನು ಕಿವಿಯಿಂದ ಕೇಳಿ 'ಮಿಶಿನ್' ಎಂದರು. ಅದು ಹೊಲಿಗೆ ಯಂತ್ರಕ್ಕೆ ಅಂಟಿಕೊಂಡಿತು. ಬೇರೆ ಯಂತ್ರಗಳು 'ಮಶಿನ್'. ಬೇಸ್‌ಬಾಲ್ ಆಟದ ಸ್ಟ್ರೈಕ್ 'ಸುತೊರಇಕು', ಕಾರ್ಮಿಕರ ಮುಷ್ಕರ 'ಸುತೊರಇಕಿ'. ಇಸ್ತ್ರಿಪೆಟ್ಟಿಗೆ 'ಅಇರೊನ್', ಗಾಲ್ಫ್ ಕೋಲು 'ಅಇಅನ್'. ನಿಘಂಟುಕಾರರು ಕುಳಿತು ಯೋಜಿಸಿದ್ದರೂ ಇಷ್ಟು ಚೊಕ್ಕವಾಗಿ ಹಂಚಲಾಗುತ್ತಿರಲಿಲ್ಲ ಎನ್ನಿಸುತ್ತದೆ.

ವಿಜ್ಞಾನದ ಪದಗಳ ಮಟ್ಟಿಗೆ ಎರಡು ಕಾಲಗಳಲ್ಲಿ ಎರಡು ಪದ್ಧತಿಗಳು ನಡೆದವು. ಡಚ್ ಗ್ರಂಥಗಳನ್ನು ಓದುತ್ತಿದ್ದ ಕಾಲದ ವಿದ್ವಾಂಸರು ಉಚ್ಚಾರಣೆಯನ್ನಲ್ಲ, ಅರ್ಥವನ್ನು ಅನುವಾದಿಸಿದರು. ಉದಗಾವಾ ಯೋಆನ್ (1798-1846) ತಮ್ಮ ರಸಾಯನಶಾಸ್ತ್ರ ಗ್ರಂಥವನ್ನು 1837ರಿಂದ ಭಾಗಭಾಗವಾಗಿ ಹೊರತಂದರು. ಆಕ್ಸಿಜನ್ನಿಗೆ ಡಚ್ ಭಾಷೆಯಲ್ಲಿ 'ಹುಳಿಯ ವಸ್ತು' ಎಂಬರ್ಥದ ಹೆಸರಿತ್ತು. ಯೋಆನ್ ಅದನ್ನು 'ಸನ್ಸೊ' ಎಂದರು: 'ಸನ್' ಎಂದರೆ ಆಮ್ಲ, 'ಸೊ' ಎಂದರೆ ಮೂಲವಸ್ತು. ನಮ್ಮ 'ಆಮ್ಲಜನಕ' ಹುಟ್ಟಿದ್ದೂ ಇದೇ ತರ್ಕದಿಂದ. ಜಲಜನಕಕ್ಕೆ ಅವರು 'ಸುಇಸೊ' ಎಂದರು, ಅಂದರೆ ನೀರಿನ ಮೂಲವಸ್ತು. ಆಮ್ಲಗಳಿಗೆಲ್ಲ ಆಮ್ಲಜನಕವೇ ಕಾರಣವೆಂಬ ಲಾವಾಸಿಯೆಯ ತಪ್ಪು ಊಹೆ ಕನ್ನಡ, ಜಪಾನೀ ಎರಡರಲ್ಲೂ ಹೀಗೆ ಅಚ್ಚೊತ್ತಿ ಉಳಿದಿದೆ.

ಮೇಜಿ ಯುಗದಲ್ಲಿ (1868-1912) ವೈದ್ಯಕೀಯ ಶಿಕ್ಷಣ ಜರ್ಮನಿಯ ಮಾದರಿ ಹಿಡಿಯಿತು. ಆಗ ಬಂದ ಪದಗಳು ಜರ್ಮನ್ ಉಚ್ಚಾರಣೆಯನ್ನೇ ಹೊತ್ತು ಕತಕನದಲ್ಲಿ ಕುಳಿತವು. ಎನರ್ಜಿ ಅಲ್ಲಿ 'ಎನೆರುಗೀ', ಅಲರ್ಜಿ 'ಅರೆರುಗೀ', ವ್ಯಾಕ್ಸಿನ್ 'ವಕುಚಿನ್', ರೋಗಿಯ ದಾಖಲೆಪತ್ರ 'ಕರುತೆ'. ಸೋಡಿಯಂ 'ನತೊರಿಉಮು', ಪೊಟ್ಯಾಸಿಯಂ 'ಕರಿಉಮು'. ಸೋಡಿಯಂಗೆ ಎನ್ಎ, ಪೊಟ್ಯಾಸಿಯಂಗೆ ಕೆ ಎಂಬ ಸಂಕೇತ ಏಕೆ ಎಂಬ ಪ್ರಶ್ನೆ ನಮ್ಮ ತರಗತಿಗಳಲ್ಲಿ ಪ್ರತಿವರ್ಷ ಏಳುತ್ತದೆ. ಜಪಾನಿನ ಮಕ್ಕಳಿಗೆ ಹೆಸರಿನಲ್ಲೇ ಉತ್ತರವಿದೆ. ಆದರೆ ಇಂಗ್ಲಿಷ್ ಪುಸ್ತಕ ಹಿಡಿದ ದಿನ ಅವರಿಗೂ ತೊಡಕು ಶುರು. ಇನ್ನೊಂದು ವಿನೋದವಿದೆ. ಜಪಾನಿನ ರಿಕೆನ್ ಸಂಸ್ಥೆಯ ತಂಡ ಕಂಡುಹಿಡಿದ 113ನೆಯ ಮೂಲವಸ್ತುವಿಗೆ 2016ರಲ್ಲಿ 'ನಿಹೋನಿಯಂ' ಎಂಬ ಹೆಸರು ಅಂಗೀಕಾರವಾಯಿತು. ನಿಹೊನ್ ಎಂದರೆ ಜಪಾನ್. ಆದರೂ ಜಪಾನೀಯರು ಅದನ್ನು ಬರೆಯುವುದು ಕತಕನದಲ್ಲಿ. ತಮ್ಮ ನಾಡಿನ ಹೆಸರೇ ಪರದೇಶಿ ಪದವಾಗಿ ಮನೆಗೆ ಮರಳಿದೆ.

ಹೊಸ ಧ್ವನಿಗಳಿಗೆ ಹೊಸ ಜೋಡಣೆ

ಹಳೆಯ ಕತಕನದಲ್ಲಿ 'ದಿ', 'ತಿ', 'ಫ' ಬರೆಯಲು ದಾರಿಯಿರಲಿಲ್ಲ. ರೇಡಿಯೋ 'ರಜಿಒ' ಆಯಿತು. ಗಾಂಧಿ 'ಗಂಜೀ' ಆದರು. ನಂತರ ದೊಡ್ಡ ಅಕ್ಷರದ ಮಗ್ಗುಲಲ್ಲಿ ಚಿಕ್ಕ ಸ್ವರಾಕ್ಷರ ಇಡುವ ಉಪಾಯ ಬಂತು. 'ದೆ' ಬರೆದು ಪಕ್ಕದಲ್ಲಿ ಪುಟ್ಟ 'ಇ' ಇಟ್ಟರೆ 'ದಿ'. 'ಫು' ಪಕ್ಕದಲ್ಲಿ ಪುಟ್ಟ 'ಅ' ಇಟ್ಟರೆ 'ಫ'. ಗಾಂಧಿಯವರು ಈಗ 'ಗಂದೀ' ಎಂದೂ ಕಾಣಿಸುತ್ತಾರೆ. ಹಲ್ಲು ತುಟಿಗೆ ತಾಗಿಸಿ ಹೇಳುವ 'ವ'ಗೆ 'ಉ' ಮೇಲೆ ಎರಡು ಗೀರು. ಫುಕುಜಾವಾ ಯುಕಿಚಿ 1860ರ ತಮ್ಮ ಶಬ್ದಸಂಗ್ರಹದಲ್ಲೇ ಇದನ್ನು ಬಳಸಿದ್ದರು.

ಸರ್ಕಾರದ ನಿಯಮ ಬಹಳ ತಡವಾಗಿ ಬಂತು. 1991ರ ಜೂನ್‌ನಲ್ಲಿ ಸಚಿವ ಸಂಪುಟವು ಎರಡು ಕೋಷ್ಟಕಗಳಿರುವ ಮಾರ್ಗಸೂಚಿಯನ್ನು ಪ್ರಕಟಿಸಿತು. ಮೊದಲನೆಯದು ಸಾಮಾನ್ಯ ಬಳಕೆಗೆ. ಮೂಲದ ಉಚ್ಚಾರಣೆಗೆ ಹತ್ತಿರವಾಗಿ ಬರೆಯಬೇಕೆನಿಸಿದಾಗ ಎರಡನೆಯದು. ಗೀರಿನ 'ವ' ಇರುವುದು ಎರಡನೆಯದರಲ್ಲಿ. ರೂಢಿಯಲ್ಲಿ ನೆಲೆನಿಂತ ರೂಪವನ್ನು ಬದಲಿಸಬೇಕಿಲ್ಲ ಎಂಬ ಜಾಣತನವೂ ಅದರಲ್ಲಿದೆ. ಹಾಗಾಗಿ ವಿವಾದ ಮುಗಿದಿಲ್ಲ. ತಂತ್ರಜ್ಞರು ಬಹುಕಾಲ ಕಂಪ್ಯೂಟರನ್ನು ಕೊನೆಯ ದೀರ್ಘಗೆರೆಯಿಲ್ಲದೆ 'ಕೊನ್‌ಪ್ಯೂತ' ಎಂದು, ಪತ್ರಿಕೆಗಳು 'ಕೊನ್‌ಪ್ಯೂತಾ' ಎಂದು ಬರೆದವು. 2008ರಲ್ಲಿ ಮೈಕ್ರೋಸಾಫ್ಟ್‌ನ ಜಪಾನ್ ಶಾಖೆ ಪತ್ರಿಕೆಗಳ ದಾರಿ ಹಿಡಿಯಿತು. ದೇಶಗಳ ಹೆಸರೂ ಬದಲಾಗುತ್ತಿವೆ: 2015ರಲ್ಲಿ 'ಗುರುಜಿಅ' ಆ ದೇಶದ ಕೋರಿಕೆಯಂತೆ 'ಜೋಜಿಅ' (ಜಾರ್ಜಿಯಾ) ಆಯಿತು, 2022ರ ಮಾರ್ಚ್‌ನಲ್ಲಿ ಉಕ್ರೇನಿನ ರಾಜಧಾನಿಯ ರಷ್ಯನ್ ಉಚ್ಚಾರಣೆಯ 'ಕಿಎಫು' ಹೋಗಿ ಉಕ್ರೇನಿನ ಉಚ್ಚಾರಣೆಗೆ ಹತ್ತಿರದ 'ಕೀಉ' ಬಂತು.

ಅಕ್ಷರ ತಪ್ಪಿದರೆ

ಧ್ವನಿಗಳು ಬೆರೆತುಹೋದರೆ ಏನು ನಷ್ಟ, ಸಂದರ್ಭ ಇದ್ದೇ ಇದೆಯಲ್ಲ ಎನ್ನಬಹುದು. ಸಂದರ್ಭ ನೆರವಿಗೆ ಬಾರದ ಜಾಗಗಳಿವೆ; ಔಷಧದ ಚೀಟಿ ಅವುಗಳಲ್ಲೊಂದು.

ಮಧುಮೇಹಕ್ಕೆ ಕೊಡುವ ಗುಳಿಗೆಯೊಂದರ ಹೆಸರು ಜಪಾನಿನಲ್ಲಿ 'ಅಮರೀರು'. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಇನ್ನೊಂದು 'ಅರುಮಾರು'. ರೋಮನ್ ಲಿಪಿಯಲ್ಲಿ ಎಲ್, ಆರ್, ವೈ ಅಕ್ಷರಗಳು ಇವನ್ನು ಸ್ವಲ್ಪವಾದರೂ ಬೇರ್ಪಡಿಸುತ್ತವೆ. ಕತಕನದಲ್ಲಿ ಎರಡೂ ಐದೈದು ಚಿಹ್ನೆಗಳ ಪದಗಳು. ಒಂದರಲ್ಲಿರುವ ಅ, ಮ, ರು, ದೀರ್ಘಗೆರೆ ಎಂಬ ನಾಲ್ಕೂ ಇನ್ನೊಂದರಲ್ಲಿವೆ. ಮೊದಲ ಚಿಹ್ನೆಯೂ ಕೊನೆಯ ಎರಡು ಚಿಹ್ನೆಗಳೂ ಒಂದೇ. ಮಧುಮೇಹವಿಲ್ಲದವರು ಮೊದಲನೆಯದನ್ನು ನುಂಗಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಅದಲುಬದಲಿನ ಪ್ರಕರಣಗಳು ಮತ್ತೆ ಮತ್ತೆ ವರದಿಯಾದ ಮೇಲೆ 2012ರಲ್ಲಿ ಅರುಮಾರು ಎಂಬ ವ್ಯಾಪಾರನಾಮವನ್ನೇ ಕೈಬಿಟ್ಟು ರಾಸಾಯನಿಕ ಹೆಸರಿಗೆ ಬದಲಾಯಿಸಲಾಯಿತು.

ಇನ್ನೊಂದು ಜೋಡಿ 'ಸಕುಶಿಜೊನ್' ಮತ್ತು 'ಸಕುಶಿನ್'. ಮೊದಲನೆಯದು ಸ್ಟೆರಾಯ್ಡ್. ಎರಡನೆಯದು ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಮದ್ದು; ಉಸಿರಾಟಕ್ಕೆ ಯಂತ್ರದ ಆಸರೆಯಿಲ್ಲದಿದ್ದರೆ ಪ್ರಾಣವನ್ನೇ ತೆಗೆಯಬಲ್ಲದು. 2008ರ ನವೆಂಬರಿನಲ್ಲಿ ತೊಕುಶಿಮಾ ಪ್ರಾಂತದ ಆಸ್ಪತ್ರೆಯೊಂದರಲ್ಲಿ ಜ್ವರದ ರೋಗಿಗೆ ಸ್ಟೆರಾಯ್ಡ್ ಕೊಡಲೆಂದು ವೈದ್ಯರು ಗಣಕದಲ್ಲಿ ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿದರು. ಆ ಆಸ್ಪತ್ರೆಯಲ್ಲಿ ಸಕುಶಿಜೊನ್ ದಾಸ್ತಾನು ಇರಲಿಲ್ಲ. ಪರದೆಯ ಮೇಲೆ ಬಂದದ್ದು ಸಕುಶಿನ್ ಒಂದೇ. ರೋಗಿ ಬದುಕಲಿಲ್ಲ. ಮರುವರ್ಷ ತಯಾರಕರು ಸಕುಶಿನ್ ಹೆಸರನ್ನು ಮದ್ದಿನ ರಾಸಾಯನಿಕ ಹೆಸರಿಗೆ ಬದಲಿಸಿದರು.

ತಪ್ಪು ಮನುಷ್ಯರದ್ದೇ, ಲಿಪಿಯದ್ದಲ್ಲ ಎಂದು ವಾದಿಸಬಹುದು. ಆದರೆ ನೂರಕ್ಕಿಷ್ಟು ಹೆಚ್ಚು ಧ್ವನಿಗಳಿರುವ ವ್ಯವಸ್ಥೆಯಿಂದ ಕಡಿಮೆ ಧ್ವನಿಗಳಿರುವ ವ್ಯವಸ್ಥೆಗೆ ಹೆಸರುಗಳನ್ನು ಸುರಿದಾಗ ಅವು ಒಂದರ ಹತ್ತಿರ ಇನ್ನೊಂದು ಬಂದು ಬೀಳುವುದು ಸಹಜ. ಮಾಹಿತಿ ಸಿದ್ಧಾಂತದ ವಿದ್ಯಾರ್ಥಿಗಳಿಗೆ ಇದು ಹಳೆಯ ಸಂಗತಿ.

ಒಂದು ಯೆನ್‌ನ ಮೊಕದ್ದಮೆ

ವ್ಯಕ್ತಿಯ ಹೆಸರಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಚೀನೀ ಮತ್ತು ಕೊರಿಯನ್ ಹೆಸರುಗಳನ್ನು ಕಂಜಿಯಲ್ಲಿ ಬರೆಯಬಹುದಾದ್ದರಿಂದ ಜಪಾನೀಯರು ಅವನ್ನು ತಮ್ಮದೇ ಉಚ್ಚಾರಣೆಯಲ್ಲಿ ಓದುತ್ತಿದ್ದರು. ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅಲ್ಲಿನ ವಾರ್ತೆಯಲ್ಲಿ ಇಂದಿಗೂ 'ಶೂ ಕಿನ್‌ಪೆಇ'. ಕಿತಾಕ್ಯೂಶುವಿನಲ್ಲಿ ನೆಲೆಸಿದ್ದ ಕೊರಿಯನ್ ಪಾದ್ರಿ ಚೋಯ್ ಚಾಂಗ್-ಹ್ವಾ ಅವರನ್ನು 1975ರಲ್ಲಿ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವಾರ್ತೆಯಲ್ಲಿ 'ಸಇ ಶೋಕ' ಎಂದು ಓದಿತು. ಅದು ತಮ್ಮ ಹೆಸರಲ್ಲ ಎಂದು ಅವರು ದಾವೆ ಹೂಡಿದರು. ಕೇಳಿದ ಪರಿಹಾರ ಒಂದು ಯೆನ್, ಜೊತೆಗೆ ಕ್ಷಮಾಪಣೆ. ಪ್ರಕರಣ ಹದಿಮೂರು ವರ್ಷ ನಡೆಯಿತು. ಹೆಸರನ್ನು ಸರಿಯಾಗಿ ಕರೆಸಿಕೊಳ್ಳುವುದು ಕಾನೂನಿನ ರಕ್ಷಣೆಗೆ ಅರ್ಹವಾದ ಹಿತ ಎಂದು ಸರ್ವೋಚ್ಚ ನ್ಯಾಯಾಲಯ 1988ರ ಫೆಬ್ರವರಿ 16ರಂದು ಒಪ್ಪಿತು. ಆದರೆ ಆಗಿನ ರೂಢಿಯಂತೆ ಓದಿದ್ದು ಕಾನೂನುಬಾಹಿರವಲ್ಲವೆಂದು ಒಂದು ಯೆನ್ ಕೊಡಿಸಲಿಲ್ಲ. ಅಷ್ಟರಲ್ಲಿ ರೂಢಿಯೇ ಬದಲಾಗಿತ್ತು. 1984ರಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷರು ಭೇಟಿಯಿತ್ತ ಸಂದರ್ಭದಿಂದ ಕೊರಿಯನ್ ಹೆಸರುಗಳನ್ನು ಕೊರಿಯನ್ ಉಚ್ಚಾರಣೆಯಲ್ಲೇ ಓದತೊಡಗಿದ್ದರು.

ಓದಲೋ ಕೆಲಸಕ್ಕೋ ಜಪಾನಿಗೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೂ ಈ ಪ್ರಶ್ನೆ ಮೊದಲ ವಾರದಲ್ಲೇ ಎದುರಾಗುತ್ತದೆ. ನಿವಾಸ ಕಾರ್ಡಿನಲ್ಲಿ ಹೆಸರು ರೋಮನ್ ಲಿಪಿಯಲ್ಲಿರುತ್ತದೆ. ಬ್ಯಾಂಕು ಮಾತ್ರ ಕತಕನದ ಹೆಸರನ್ನು ಕೇಳುತ್ತದೆ. ಇದಕ್ಕೆ ಕಾರಣ ಗಣಕದ ಇತಿಹಾಸದಲ್ಲಿದೆ. ಎಂಟು ಬಿಟ್‌ಗಳಲ್ಲಿ 256 ಸಂಕೇತಗಳಿಗೆ ಮಾತ್ರ ಜಾಗ. ಸಾವಿರಾರು ಕಂಜಿಗಳು ಅಲ್ಲಿ ಹಿಡಿಸವು. 1969ರ ಜಪಾನೀ ಮಾನಕವು ರೋಮನ್ ಅಕ್ಷರಗಳ ಜೊತೆ ಕತಕನ ಮತ್ತು ವಿರಾಮಚಿಹ್ನೆ ಸೇರಿ 63 ಸಂಕೇತಗಳನ್ನು ಅಳವಡಿಸಿತು. ಕಂಜಿಯ ಮಾನಕ ಬಂದದ್ದು 1978ರಲ್ಲಿ. ಬ್ಯಾಂಕುಗಳ ನಡುವೆ ಹಣ ವರ್ಗಾಯಿಸುವ ಜಾಲ ಹುಟ್ಟಿದ್ದು ಇವೆರಡರ ನಡುವೆ, 1973ರಲ್ಲಿ. ಹೀಗಾಗಿ ಖಾತೆದಾರರ ಹೆಸರು ಕತಕನದಲ್ಲೇ ಉಳಿಯಿತು.

ವೀಣಾ ಎಂಬ ಹೆಸರನ್ನು ಗೀರಿನ 'ಉ' ಬಳಸಿ 'ವೀನ' ಎಂದೂ ಬರೆಯಬಹುದು, ಸುಲಭವಾಗಿ 'ಬೀನ' ಎಂದೂ ಬರೆಯಬಹುದು. ಕೊನೆಗೆ ದೀರ್ಘಗೆರೆ ಹಾಕಬಹುದು, ಬಿಡಬಹುದು. ಎಲ್ಲವೂ ಸರಿಯೇ. ಆದರೆ ಖಾತೆಯಲ್ಲಿ ಒಂದು, ವೇತನದ ಅರ್ಜಿಯಲ್ಲಿ ಇನ್ನೊಂದು ಇದ್ದರೆ ಹಣ ಬಾರದೆ ಹಿಂದಿರುಗಬಹುದು. ಬ್ಯಾಂಕಿನಲ್ಲಿ ಮೊದಲು ಬರೆದುಕೊಟ್ಟ ರೂಪವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಟ್ಟುಕೊಂಡು, ವಿಮೆ, ಬಾಡಿಗೆ, ದೂರವಾಣಿ ಎಲ್ಲಕ್ಕೂ ಅದನ್ನೇ ಗೆರೆ, ಗೀರು ಸಹಿತ ಬರೆಯುವುದು ಒಳ್ಳೆಯದು.